ಹೆಬ್ಬೆಟ್ಟು ನಮ್ಮದು, ಜವಾಬ್ದಾರಿ ಯಾರದ್ದು?

ಮನೆಗೆ ಕಳ್ಳ ಬಂದರೆ ಬಾಗಿಲು ಒಡೆದ ಗುರುತಾದರೂ ಇರುತ್ತದೆ. ಈಗಿನ ಕಳ್ಳರು ನಮ್ಮ ಹೆಸರು, ಬೆರಳಚ್ಚನ್ನೇ ಕದಿಯುತ್ತಾರೆ. ಗೊತ್ತಾಗುವುದು ಪಾಸ್‌ಬುಕ್ ಎಂಟ್ರಿ ಮಾಡಿಸಿದ ಮೇಲೆ.

ಇದೆಲ್ಲ ಪೇಟೆಯವರ ಉಪದ್ರ, ಮಳೆ ನಂಬಿ ಬೆಟ್ಟುಗದ್ದೆ ಮಾಡುವ ನಮಗೆಂತ ಎನ್ನುವವರಿದ್ದಾರೆ. 2023ರಲ್ಲಿ ನಮ್ಮ ಕರಾವಳಿಯಲ್ಲೇ ಆದದ್ದನ್ನು ಅವರು ತಿಳಿಯಬೇಕು. ಆ ವರ್ಷ ಮಂಗಳೂರಿನಲ್ಲಿ ಹಲವರ ಖಾತೆಯಿಂದ ಹಣ ಹೋಯಿತು. ಯಾರೂ ಫೋನ್ ಮಾಡಿ ಒಟಿಪಿ ಕೇಳಿರಲಿಲ್ಲ. ಹಣ ಕಳಕೊಂಡವರಲ್ಲಿ ಹಲವರು ಅದಕ್ಕೆ ಸ್ವಲ್ಪ ಮೊದಲು ಜಾಗದ ನೋಂದಣಿ ಮಾಡಿಸಿದ್ದರು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತಿದ್ದ ಪತ್ರಗಳಿಂದ ಆಧಾರ್ ನಂಬ್ರ, ಹೆಬ್ಬೆಟ್ಟು ತೆಗೆದು ಈ ಕೆಲಸ ಮಾಡಿದ್ದು ಎಂದು ಪೊಲೀಸರು ಹೇಳಿದರು. ಅಕ್ಟೋಬರಿನಲ್ಲಿ ಬಿಹಾರದ ಮೂವರನ್ನು ಹಿಡಿದರು.

ಇದು ನಡೆಯುವ ಕ್ರಮ ಸುಲಭ. ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಗೆ ಬೇಕಾದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ನಂಬ್ರ, ಬೆರಳು. ಪಿನ್ ಬೇಡ, ಒಟಿಪಿ ಬೇಡ. ಕಾಗದದ ಮೇಲಿನ ಹೆಬ್ಬೆಟ್ಟಿನಿಂದ ರಬ್ಬರಿನಂಥ ಪದಾರ್ಥದಲ್ಲಿ ಅಚ್ಚು ತೆಗೆದರೆ ಕಳ್ಳನ ಕೆಲಸ ಆಯಿತು. ಉಳುಮೆ, ಕೊಯ್ಲು ಮಾಡಿ ಗೆರೆ ಸವೆದ ನಮ್ಮ ಬೆರಳನ್ನು ರೇಷನ್ ಅಂಗಡಿಯ ಯಂತ್ರ ನಾಲ್ಕು ಸಲ ಒತ್ತಿದರೂ ಒಪ್ಪುವುದಿಲ್ಲ. ಕಳ್ಳನ ರಬ್ಬರು ಬೆರಳನ್ನು ಒಪ್ಪುತ್ತದೆ! ಇದೆಂತ ನ್ಯಾಯ ಮಾರಾಯ್ರೆ?

ಆ ವ್ಯವಸ್ಥೆಯೇ ಬೇಡ ಎಂದು ನಾನು ಹೇಳುವುದಿಲ್ಲ. ನಡೆಯಲಾಗದ ಅಜ್ಜಿಗೆ ಪೋಸ್ಟ್‌ಮನ್ ಮನೆಗೇ ಬಂದು ಹಣ ಕೊಡುವುದು ಇದರಿಂದಲೇ. ಅದು ಬೇಕು. ಆದರೆ ಬೇಕೆಂದು ಬರೆದುಕೊಟ್ಟವರ ಖಾತೆಗೆ ಮಾತ್ರ ತೆರೆಯಲಿ. ಉಳಿದವರದ್ದು ಮುಚ್ಚಿಯೇ ಇರಲಿ.

ಪಹಣಿಗೆ ಆಧಾರ್, ಬೆಳೆ ವಿಮೆಗೆ ಆಧಾರ್, ಸಬ್ಸಿಡಿಗೆ, ಸಾಲಕ್ಕೆ ಆಧಾರ್. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ಊರೂರಲ್ಲಿ ನಡೆಯಿತು. ಒಬ್ಬರ ಜಾಗವನ್ನು ಮತ್ತೊಬ್ಬರು ತನ್ನದೆಂದು ಮಾರುವುದನ್ನು ತಡೆಯಲಿಕ್ಕೆ ಅದು ಒಳ್ಳೆಯದೇ. ಆದರೆ ನಾವು ಕೊಟ್ಟ ಜೆರಾಕ್ಸ್ ಆಮೇಲೆ ಎಲ್ಲಿಗೆ ಹೋಗುತ್ತದೆ? ಒಮ್ಮೆ ಸಂತೆಯಲ್ಲಿ ನೆಲಗಡಲೆ ಕಟ್ಟಿಕೊಟ್ಟ ಕಾಗದ ಬಿಡಿಸಿ ನೋಡುತ್ತೇನೆ, ಯಾರದೋ ಅರ್ಜಿ! ಫೋಟೋ, ಆಧಾರ್ ನಂಬ್ರ, ಖಾತೆ ನಂಬ್ರ ಎಲ್ಲ ಇತ್ತು. ಪಾಪ, ಆ ಮನುಷ್ಯನ ಅರ್ಜಿಗೆ ಮಂಜೂರಾತಿ ಸಿಕ್ಕಿತೋ ಇಲ್ಲವೋ, ವಿವರ ಮಾತ್ರ ಸಂತೆಗೆ ಬಂತು.

ಬೀಗದ ಕೀ ಕಳೆದರೆ ಬೀಗ ಬದಲಿಸಬಹುದು. ಹೆಬ್ಬೆಟ್ಟು ಬದಲಿಸಲಿಕ್ಕೆ ಆಗುವುದಿಲ್ಲ. ಹಾಗಾಗಿ ಅದನ್ನು ಕೇಳಿ ಪಡೆದವರೇ ಕಾಯಬೇಕು. ಸೋರಿದರೆ ನಷ್ಟವೂ ಅವರದ್ದೇ ಆಗಬೇಕು. ಈಗ ಆಗುವುದು ತಿರುಗಮುರುಗ. ದೂರು ಕೊಡಲು ಹೋದವರಿಗೆ 'ನಿಮ್ಮದೇ ಬೆರಳಲ್ವಾ' ಎನ್ನುವ ಉತ್ತರ. ಅಲ್ಲಿಂದ ಪೊಲೀಸ್ ಠಾಣೆ, ಅಲ್ಲಿಂದ ಮತ್ತೆ ಬ್ಯಾಂಕು. ಹೋದ ಹಣ ಐದೋ ಹತ್ತೋ ಸಾವಿರ ಇರಬಹುದು. ನಮಗೆ ಅದು ಬಿತ್ತನೆಬೀಜ, ಗೊಬ್ಬರದ ದುಡ್ಡು. ಮಳೆ ಬಂದ ಮೇಲೆ ಹಣ ಬರುವ ತನಕ ಗದ್ದೆ ಕಾಯುವುದಿಲ್ಲ.

ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2017ರಲ್ಲಿ ಕಳಿಸಿದ ಸುತ್ತೋಲೆ ಬೇರೆಯೇ ಹೇಳಿತ್ತು. ತಪ್ಪು ಬ್ಯಾಂಕಿನದ್ದೂ ಅಲ್ಲ, ಗ್ರಾಹಕನದ್ದೂ ಅಲ್ಲ ಎಂದಾದಾಗ, ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ಗ್ರಾಹಕನೇ ಹೊಣೆ ಎಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲೆ. ಕೌಂಟರಿನಲ್ಲಿ ಇದನ್ನು ನಮಗೆ ಹೇಳುವವರು ಯಾರು?

ಕಾನೂನು ಸರಿಯಾಗುವ ತನಕ ನಾವು ಮಾಡಬಹುದಾದ್ದು ಕೆಲವಿದೆ:

* ಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಮೊಬೈಲ್ ನಂಬ್ರ ಜೋಡಿಸಿರಬೇಕು. ಬೀಗ ಇದ್ದರೆ ರೇಷನ್ ಅಂಗಡಿಯಲ್ಲೂ ಬೆರಳು ನಡೆಯುವುದಿಲ್ಲ. ಆ ದಿನ ತೆರೆದು ಪುನಃ ಹಾಕಬೇಕು.
* ಆದಲ್ಲೆಲ್ಲ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಆಧಾರ್ ಪ್ರತಿ ಕೊಡಿ.
* ಜೆರಾಕ್ಸಿನ ಮೇಲೆ ಯಾವ ಕೆಲಸಕ್ಕೆ ಕೊಟ್ಟದ್ದು ಎಂದು ಅಡ್ಡಕ್ಕೆ ಬರೆದು ತಾರೀಕು ಹಾಕಿ.
* ಹಣ ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಇಷ್ಟು ನಮ್ಮ ಕೈಲಿದೆ. ಉಳಿದದ್ದನ್ನು ಗ್ರಾಮಸಭೆಯಲ್ಲಿ, ಸೊಸೈಟಿಯ ಮಹಾಸಭೆಯಲ್ಲಿ ಎದ್ದು ನಿಂತು ಕೇಳಬೇಕು: ನಮ್ಮ ಕಾಗದ ಎಲ್ಲಿಟ್ಟಿದ್ದೀರಿ? ಕೆಲಸ ಮುಗಿದ ಮೇಲೆ ಎಂತ ಮಾಡುತ್ತೀರಿ? ಕೇಳಿದವರನ್ನು ಯಾರೂ ಜೈಲಿಗೆ ಹಾಕುವುದಿಲ್ಲ.