ಕಲಿಸದೆ ಅಳೆಯುವವರಿಗೆ

ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಮೂಗು ಮುರಿಯುವವರೇ, ನೀವು ಅದನ್ನು ಕಲಿಸಿದ್ದು ಯಾವಾಗ? ಎಸ್ಸೆಸ್ಸೆಲ್ಸಿಯಲ್ಲಿ 100 ಅಂಕದ ಪೇಪರ್ ಕೊಟ್ಟಿರಿ. 35 ಬಂದರೆ ಪಾಸು ಅಂದಿರಿ. ಅಂಕಪಟ್ಟಿ ಕೈಗಿಟ್ಟಿರಿ, ಭಾಷೆ ಕೊಡಲಿಲ್ಲ. ಆಮೇಲೆ ಕಾಲೇಜಿನ ಬಾಗಿಲಲ್ಲಿ, ಕೋರ್ಟಿನ ಕಟಕಟೆಯಲ್ಲಿ, ಕಂಪನಿಯ ಇಂಟರ್‌ವ್ಯೂ ಟೇಬಲ್ಲಿನ ಆಚೆ ಕಡೆ ಕೂತು, ಕೊಡದೇ ಇದ್ದ ಅದೇ ಭಾಷೆಯಲ್ಲಿ ನಮ್ಮನ್ನು ಅಳೆದಿರಿ.

ಇದು ಶಿಕ್ಷಣವಲ್ಲ. ಇದು ಬೇಲಿ.

ನಾನು ಊರಾಚೆಯ ಕೇರಿಯವನು. ನಾನು ಓದುವಾಗ ಸರ್ಕಾರಿ ಶಾಲೆಯಲ್ಲಿ ಎಬಿಸಿಡಿ ಕಾಣುತ್ತಿದ್ದದ್ದೇ ಐದನೇ ತರಗತಿಗೆ. ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಇಡಲು ಈ ರಾಜ್ಯಕ್ಕೆ 2007 ಬರಬೇಕಾಯಿತು. ನನ್ನವ್ವನಿಗೆ ಯಾವ ಲಿಪಿಯ ಒಂದಕ್ಷರವೂ ಗೊತ್ತಿರಲಿಲ್ಲ. ಕಳೆ ಕೀಳುತ್ತಲೇ ಹೇಳುತ್ತಿದ್ದಳು: "ಇಂಗ್ಲೀಸ್ ಕಲ್ತ್ಕ ಮಗಾ, ಇಲ್ದಿದ್ರೆ ನನ್ನಂಗೆ ಗೌಡ್ರ ಹೊಲದಲ್ಲೇ ಸಾಯ್ತೀಯ." ಸಮಿತಿಗಳು ವರ್ಷಗಟ್ಟಲೆ ಕೂತು ಬರೆದ ವರದಿಗಳಿಗೆ ಕಾಣದ ಸತ್ಯ ಆ ಬಗ್ಗಿದ ಬೆನ್ನಿಗೆ ಕಂಡಿತ್ತು.

ಕನ್ನಡ ಮಾಧ್ಯಮದಲ್ಲಿ ಶಾಲೆಗೇ ಮೊದಲಿಗನಾಗಿ ಪಾಸಾಗಿ ಪಿಯುಸಿ ಸೈನ್ಸಿಗೆ ಸೇರಿದೆ. ಒಂದು ಬೇಸಿಗೆ ರಜೆ ಕಳೆಯುವುದರೊಳಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎಲ್ಲವೂ ಇಂಗ್ಲಿಷಿಗೆ ತಿರುಗಿದ್ದವು. ಒಂದು ದಿನ ಲೆಕ್ಚರರ್ ನನ್ನನ್ನು ಎಬ್ಬಿಸಿ ಪುಸ್ತಕದ ಪ್ಯಾರಾ ಓದಿಸಿದ. ಬರೆದದ್ದನ್ನೇ ಉಚ್ಚರಿಸುವ ಕನ್ನಡದ ಅಭ್ಯಾಸದಲ್ಲಿ 'ಡಿಟರ್ಮಿನ್' ಅನ್ನಬೇಕಾದಲ್ಲಿ 'ಡಿಟರ್‌ಮೈನ್' ಅಂದೆ. ಇಡೀ ಕ್ಲಾಸು ನಕ್ಕಿತು. ಅವನೂ ನಕ್ಕ. "ಕೋಟಾದವರು ಯಾಕಯ್ಯಾ ಸೈನ್ಸಿಗೆ ಬಂದು ಸೀಟು ಹಾಳು ಮಾಡ್ತೀರಿ?" ಅಂದ.

ನಾನು ತಪ್ಪಾಗಿ ಓದಿದ್ದು ಒಂದು ಪದವನ್ನು. ಅವನು ಓದಿದ್ದು ನನ್ನ ಜಾತಿಯನ್ನು.

ನನ್ನ ಜೊತೆ ಹಾಸ್ಟೆಲಿನಿಂದ ಬಂದ ಹುಡುಗರು ಒಬ್ಬೊಬ್ಬರಾಗಿ ಸೈನ್ಸ್ ಬಿಟ್ಟರು. ಲೆಕ್ಕದಲ್ಲಿ ಹುಲಿಗಳಾಗಿದ್ದವರು. ಅವರಿಗೆ ಅರ್ಥವಾಗದೇ ಹೋದದ್ದು ಲೆಕ್ಕವಲ್ಲ, ಲೆಕ್ಕ ಕೇಳಿದ ಭಾಷೆ. ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿಗೆ ನಡೆದ ಆ ಹುಡುಗರನ್ನು ನಿಮ್ಮ ಕಡತ 'ಡ್ರಾಪ್‌ಔಟ್' ಅನ್ನುತ್ತದೆ. ಅವರು ಬಿಟ್ಟವರಲ್ಲ, ಹೊರಗೆ ದಬ್ಬಿಸಿಕೊಂಡವರು.

ಈಗ ಹೈಸ್ಕೂಲಿನ ಇಂಗ್ಲಿಷ್ ಪಿರಿಯಡ್ಡಿಗೆ ಬನ್ನಿ. ಮೇಷ್ಟ್ರು ಪಾಠದ ಕನ್ನಡ ಸಾರಾಂಶ ಹೇಳುತ್ತಾರೆ. ಬೋರ್ಡಿನ ಮೇಲೆ ಪ್ರಶ್ನೋತ್ತರ ಬರೆಯುತ್ತಾರೆ. ಮಕ್ಕಳು ಇಳಿಸಿಕೊಳ್ಳುತ್ತಾರೆ, ಉರು ಹೊಡೆಯುತ್ತಾರೆ. ಪರೀಕ್ಷೆ ಹತ್ತಿರವಾದರೆ 'ಪಾಸಿಂಗ್ ಪ್ಯಾಕೇಜ್' ಬರುತ್ತದೆ. ನಮಗೂ ಒಂದು ಪತ್ರ ಉರು ಹೊಡೆಸಿದ್ದರು. ಬೀದಿದೀಪ ದುರಸ್ತಿ ಮಾಡಿಸಿ ಎಂದು ಅಧಿಕಾರಿಗೆ ಬರೆಯುವ ಪತ್ರ. ನಮ್ಮ ಕೇರಿಯಲ್ಲಿ ಆಗ ಬೀದಿದೀಪದ ಕಂಬವೇ ಇರಲಿಲ್ಲ. ಆ ಪತ್ರವನ್ನು ತಿದ್ದಿ ನಮ್ಮ ಕೇರಿಯ ಹೆಸರು ಹಾಕಿ ನಿಜವಾಗಿಯೂ ಕಳಿಸಬಹುದು ಎಂದು ಒಬ್ಬ ಮೇಷ್ಟ್ರೂ ಹೇಳಲಿಲ್ಲ. ದೂರು ಕೊಡುವ ಭಾಷೆಯನ್ನು ಬಾಯಿಪಾಠ ಮಾಡಿಸಿದರು, ದೂರು ಕೊಡುವ ಹಕ್ಕನ್ನು ಮುಚ್ಚಿಟ್ಟರು.

ವ್ಯಾಕರಣದ ಕತೆ ಇನ್ನೂ ಹೀನಾಯ. ಕರ್ತರಿಯನ್ನು ಕರ್ಮಣಿಗೆ ಬದಲಿಸು, ನೇರ ಮಾತನ್ನು ವರದಿ ಮಾತಿಗೆ ಬದಲಿಸು. ಒಂದೇ ಒಂದು ವಾಕ್ಯವನ್ನು ಸ್ವಂತವಾಗಿ ಆಡಲು ಬಾರದ ಮಗುವಿಗೆ ಈ ಕಸರತ್ತು! ಎತ್ತಿನ ಹಲ್ಲು ಎಣಿಸಿದ ಮಾತ್ರಕ್ಕೆ ಉಳುಮೆ ಬರುವುದಿಲ್ಲ. ನಿಜಕ್ಕೂ ಬೇಕಾದದ್ದನ್ನು ಯಾರೂ ಹೇಳಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. 'ಮೇಲೆ', 'ಒಳಗೆ' ನಮ್ಮಲ್ಲಿ ನಾಮಪದ ಆದ ಮೇಲೆ ಬರುತ್ತವೆ, ಅವರಲ್ಲಿ ಅದಕ್ಕೂ ಮುಂಚೆ. 'ಎ, ಆನ್, ದಿ' ನಮ್ಮ ಭಾಷೆಯಲ್ಲಿ ಇಲ್ಲವೇ ಇಲ್ಲ, ಅದಕ್ಕೇ ತಪ್ಪುತ್ತವೆ. ದಿನಾ ಹೋಗುವುದಕ್ಕೂ ನಾಳೆ ಹೋಗುವುದಕ್ಕೂ ನಮಗೆ 'ಹೋಗುತ್ತೇನೆ' ಒಂದೇ ಸಾಕು, ಇಂಗ್ಲಿಷಿಗೆ ಬೇರೆ ಬೇರೆ ರೂಪ ಬೇಕು. ಮಗುವಿಗೆ ಬರುವ ಕನ್ನಡವನ್ನೇ ಮೆಟ್ಟಿಲು ಮಾಡಿ ಇಷ್ಟು ಹೇಳಿದ್ದರೆ ಎಷ್ಟು ತಲೆಗಳು ತಗ್ಗದೆ ಉಳಿಯುತ್ತಿದ್ದವು! ಹೇಳಲಿಲ್ಲ. ದಡ್ಡ ಅಂದರು.

ಪದಸಂಪತ್ತಿನ ವಿಷಯವೂ ಗುಟ್ಟಲ್ಲ. ಢಾಕಾದಲ್ಲಿ ಕೆಲಸ ಮಾಡಿದ್ದ ಮೈಕೇಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಪಟ್ಟಿಯ ಸುಮಾರು 2000 ಮೂಲಪದಗಳು ಸಾಮಾನ್ಯ ಇಂಗ್ಲಿಷ್ ಬರಹದ ನೂರಕ್ಕೆ ಎಂಬತ್ತರಷ್ಟನ್ನು ತುಂಬುತ್ತವೆ. ಆದರೆ ಕಾದಂಬರಿ, ಪತ್ರಿಕೆಗಳನ್ನು ಯಾರ ನೆರವೂ ಇಲ್ಲದೆ ಓದಲು 8ರಿಂದ 9 ಸಾವಿರ ಪದಕುಟುಂಬಗಳು ಬೇಕು ಎಂದು ಭಾಷಾ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದರು. ಅಷ್ಟು ಪದಗಳು ಬೋರ್ಡಿನಿಂದ ಬರುವುದಿಲ್ಲ. ಓದಿನಿಂದಲೇ ಬರಬೇಕು. ಪಠ್ಯಪುಸ್ತಕ ಬಿಟ್ಟು ಇನ್ನೊಂದು ಇಂಗ್ಲಿಷ್ ಪುಸ್ತಕವನ್ನು ನಮ್ಮ ಹಳ್ಳಿಯ ಮಗು ಮುಟ್ಟಿದ್ದು ಯಾವಾಗ? ಶಾಲೆಗೆ ಬಂದ ಪುಸ್ತಕಗಳು ಬೀರುವಿನಲ್ಲಿವೆ, ಬೀರುವಿನ ಕೀ ಹೆಡ್‌ಮೇಷ್ಟ್ರ ಹತ್ತಿರ ಇದೆ. ಮಕ್ಕಳು ಹರಿದುಬಿಡುತ್ತಾರಂತೆ! ಗೆದ್ದಲು ತಿಂದರೆ ಪರವಾಗಿಲ್ಲ, ಕೇರಿಯ ಮಗು ಹರಿಯಬಾರದು.

ನಾನು ಕಲಿತದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ. ಸಣ್ಣ ಮಕ್ಕಳ ಕತೆಪುಸ್ತಕ ಕೊಂಡು ತರುತ್ತಿದ್ದೆ. ಪುಟಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಗೊತ್ತಿಲ್ಲದ ಪದಗಳು ಸಿಕ್ಕರೆ ಅದನ್ನು ಬದಿಗಿಟ್ಟು ಇನ್ನೂ ಸುಲಭದ್ದು ಹಿಡಿಯುತ್ತಿದ್ದೆ. ಪ್ರತಿ ಪದಕ್ಕೂ ನಿಘಂಟು ತೆರೆಯದೆ, ಸಂದರ್ಭ ನೋಡಿ ಊಹಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆದು, ಕತೆ ಮುಗಿದ ಮೇಲೆ ಅರ್ಥ ನೋಡುತ್ತಿದ್ದೆ. ಕಲಿತ ಪದ ಹಾಕಿ ಒಂದು ವಾಕ್ಯ ಬರೆಯುತ್ತಿದ್ದೆ. ಅವ್ವನ ಬಗ್ಗೆ, ಕೂಲಿಯ ಬಗ್ಗೆ, ನಕ್ಕ ಆ ಲೆಕ್ಚರರ್ ಬಗ್ಗೆ. ಅದೇ ಕತೆಯನ್ನು ಮತ್ತೆ ಗಟ್ಟಿಯಾಗಿ ಓದುತ್ತಿದ್ದೆ. ಇಂಗ್ಲಿಷ್ ನನ್ನದಾದದ್ದು ಹೀಗೆ. ಇದರಲ್ಲಿ ಯಾವ ಪವಾಡವೂ ಇಲ್ಲ. ಶಾಲೆಯೇ ಮಾಡಿಸಬಹುದಾಗಿದ್ದ ಕೆಲಸವನ್ನು ನಾನು ಫುಟ್‌ಪಾತಿನಲ್ಲಿ ಮಾಡಬೇಕಾಗಿ ಬಂತು.

ದಾರಿ ಗೊತ್ತಿರಲಿಲ್ಲ ಅನ್ನಬೇಡಿ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು ದಕ್ಷಿಣ ಭಾರತದ ಕೆಲವು ಸಾಧಾರಣ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಸೂತ್ರ ಬಿಟ್ಟು ರೈಲಿನ ವೇಳಾಪಟ್ಟಿ, ನಕಾಶೆ ಕೊಟ್ಟು, ಯೋಚಿಸಿ ಉತ್ತರ ಹುಡುಕುವ ಕೆಲಸದ ಮೂಲಕವೇ ಇಂಗ್ಲಿಷ್ ಕಲಿಸಿದರು. ಜಗತ್ತು ಅದನ್ನು 'ಬೆಂಗಳೂರು ಪ್ರಾಜೆಕ್ಟ್' ಎಂದೇ ಕರೆಯುತ್ತದೆ. ಭಾಷೆ ಕಲಿಸುವ ವಿದ್ಯೆ ಓದುವವರು ದೇಶದೇಶಗಳಲ್ಲಿ ಇಂದಿಗೂ ಅದನ್ನು ಓದುತ್ತಾರೆ. ಬೆಂಗಳೂರಿನ ಹೆಸರು ಹೊತ್ತ ಪಾಠ ಆ ಕೆಲವು ಶಾಲೆಗಳ ಆಚೆಗೆ ಬೆಂಗಳೂರಿನ ಬಡ ಮಗುವಿಗೆ ಸಿಗಲಿಲ್ಲ.

ಇನ್ನು ನಾಡಪ್ರೇಮದ ಭಾಷಣಕಾರರು. 1994ರ ಭಾಷಾ ನೀತಿ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕು ಅಂದಿತು. ಕನ್ನಡ ಮಾಧ್ಯಮವೆಂದು ಅನುಮತಿ ಪಡೆದ ಖಾಸಗಿ ಶಾಲೆಗಳು ಒಳಗೆ ಇಂಗ್ಲಿಷ್ ಮಾಧ್ಯಮ ನಡೆಸಿದವು. ಮಾತೃಭಾಷಾ ಮಾಧ್ಯಮವನ್ನು ಹಾಗೆ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಇಪ್ಪತ್ತು ವರ್ಷ ಕನ್ನಡ ಉಳಿಸುವ ಹೊರೆ ಯಾರ ತಲೆಯ ಮೇಲಿತ್ತು? ಫೀಸು ಕಟ್ಟಲಾಗದವರ ತಲೆಯ ಮೇಲೆ. ನವೆಂಬರಿನಲ್ಲಿ ಬಾವುಟ ಏರಿಸಿದ ಕೈಗಳೇ ಜೂನ್‌ನಲ್ಲಿ ತಮ್ಮ ಮಕ್ಕಳ ಬೆರಳು ಹಿಡಿದು ಕಾನ್ವೆಂಟಿಗೆ ನಡೆದವು. 2019ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದರು. ಬೋರ್ಡು ಬದಲಾಯಿತು, ಬೀರುವಿನ ಬೀಗ ತೆರೆಯಲಿಲ್ಲ.

ನಾನು ಕನ್ನಡದ ವೈರಿಯಲ್ಲ. ಈ ಸಿಟ್ಟು ಕನ್ನಡದಲ್ಲೇ ಹುಟ್ಟಿದೆ. ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ವರದಿ ಬರೆದ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿದ ಇಂಗ್ಲಿಷ್ ಪ್ರಾಧ್ಯಾಪಕರು. ಅಡಿಗರು, ಅನಂತಮೂರ್ತಿ, ಲಂಕೇಶ್ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ. ಎರಡು ಭಾಷೆಗಳು ಒಂದೇ ತಲೆಯಲ್ಲಿ ಸೊಗಸಾಗಿ ಬದುಕಬಲ್ಲವು ಎಂಬುದಕ್ಕೆ ಅವರೇ ಸಾಕ್ಷಿ. ಕೇರಿಯ ಮಗುವಿನ ತಲೆಯಲ್ಲಿ ಮಾತ್ರ ಜಾಗ ಇಲ್ಲವೇ? 1854ರಷ್ಟು ಹಿಂದೆಯೇ ಸಾವಿತ್ರಿಬಾಯಿ ಫುಲೆ ಇಂಗ್ಲಿಷ್ ಕಲಿಯಿರಿ ಎಂದು ತುಳಿಸಿಕೊಂಡವರಿಗೆ ಪದ್ಯ ಕಟ್ಟಿ ಹೇಳಿದರು. ಬಾಬಾಸಾಹೇಬರು 1936ರಲ್ಲಿ ಜಾತಿ ವಿನಾಶದ ಕರೆಯನ್ನು ಇಂಗ್ಲಿಷಿನಲ್ಲೇ ಬರೆದು ಜಗತ್ತಿನ ಮುಂದಿಟ್ಟರು. ನಮ್ಮವರಿಗೆ ಈ ಭಾಷೆ ಶೋಕಿಯಲ್ಲ. ಆಯುಧ.

ಅದಕ್ಕೇ ಕೇಳುತ್ತೇವೆ. ವಾರಕ್ಕೆ ಕೆಲವು ಪಿರಿಯಡ್ಡಾದರೂ ಮಕ್ಕಳು ಸುಮ್ಮನೆ ಕೂತು ಓದಲಿ, ಅವರ ಮಟ್ಟದ ಕತೆಪುಸ್ತಕಗಳು ಕೈಗೆ ಸಿಗಲಿ. ಮೇಷ್ಟ್ರಿಗೆ ಎರಡು ದಿನದ ಶಾಸ್ತ್ರದ ತರಬೇತಿಯಲ್ಲ, ನಿಜವಾದ ತರಬೇತಿ ಕೊಡಿ. ಪಿಯುಸಿಗೆ ಬರುವ ಕನ್ನಡ ಮಾಧ್ಯಮದವರಿಗೆ ಮೊದಲ ತಿಂಗಳುಗಳಲ್ಲಿ ಎರಡೂ ಭಾಷೆಯಲ್ಲಿ ಪಾಠ ಮಾಡಿ. ತಪ್ಪು ಇಂಗ್ಲಿಷಿಗೆ ನಗುವವನನ್ನು ಮೇಷ್ಟ್ರು ಅನ್ನಬೇಡಿ.

ತಮ್ಮಾ, ತಂಗೀ, ಇವರು ಕೊಡುವ ತನಕ ಕಾಯಬೇಡಿ. ಗೈಡು ಮುಚ್ಚಿಡಿ. ಎದ್ದು ನಿಂತು ಬೀರುವಿನ ಕೀ ಕೇಳಿ. ಕೊಡದಿದ್ದರೆ ಉರು ಹೊಡೆಸಿದ ಆ ದೂರಿನ ಪತ್ರವನ್ನೇ ತಿದ್ದಿ ಬಿಇಒಗೆ ಬರೆಯಿರಿ. ನಿಮ್ಮ ಕೇರಿಯ ಹೆಸರು ಹಾಕಿ, ನಿಮ್ಮದೇ ಸಹಿ ಹಾಕಿ, ನಿಮಗೆ ಬಂದಷ್ಟೇ ಇಂಗ್ಲಿಷಿನಲ್ಲಿ ಬರೆಯಿರಿ. ಸ್ಪೆಲ್ಲಿಂಗ್ ತಪ್ಪಲಿ, ಬೆದರಬೇಡಿ. ಉತ್ತರ ಕೊಡಬೇಕಾದವರು ಅವರು.