ಏರುವ ಬೆಲೆ, ಮರೆತ ಝಕಾತ್

ಮನೆ, ನಿವೇಶನಗಳ ಬೆಲೆ ಎಂದೆಂದಿಗೂ ಏರುತ್ತಲೇ ಇರುತ್ತದೆಂಬ ನಂಬಿಕೆ ಅಪಾಯಕಾರಿಯೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಶಿಲ್ಲರ್ 2005ರಲ್ಲೇ ಎಚ್ಚರಿಸಿದ್ದರು. ಬೆಲೆ ಏರುತ್ತಿದೆಯೆಂದು ಜನ ಕೊಳ್ಳುತ್ತಾರೆ. ಜನ ಕೊಳ್ಳುವುದರಿಂದಲೇ ಬೆಲೆ ಇನ್ನಷ್ಟು ಏರುತ್ತದೆ. ಇದು ಗುಳ್ಳೆಯೇ ಹೊರತು ಸಂಪತ್ತಲ್ಲ ಎಂಬುದು ಅವರ ವಾದದ ತಿರುಳು. 2006ರ ಬಳಿಕ ಅಲ್ಲಿ ಮನೆಗಳ ಬೆಲೆ ಕುಸಿಯಿತು. 2008ರಲ್ಲಿ ಲೆಹ್ಮನ್ ಬ್ರದರ್ಸ್ ದಿವಾಳಿಯಾಯಿತು. ಲಕ್ಷಾಂತರ ಕುಟುಂಬಗಳು ಬಡ್ಡಿ ಸಾಲ ತೀರಿಸಲಾಗದೆ ಸೂರು ಕಳೆದುಕೊಂಡವು. ವಾಣಿಜ್ಯ ಕಟ್ಟಡಗಳ ಪಾಡೂ ಭಿನ್ನವಾಗಲಿಲ್ಲ. 2020ರ ಕೋವಿಡ್ ನಂತರ ನೌಕರರು ಮನೆಯಿಂದಲೇ ದುಡಿಯತೊಡಗಿದಾಗ ಅಲ್ಲಿನ ಕಚೇರಿ ಕಟ್ಟಡಗಳು ಬರಿದಾದವು. 2022ರಿಂದ ಬಡ್ಡಿ ದರ ಏರಿದಾಗ ಅವುಗಳ ಮೇಲಿನ ಸಾಲ ಹೊರಲಾರದ ಹೊರೆಯಾಯಿತು.

ಇದು ದೂರದ ದೇಶದ ಸುದ್ದಿಯೆಂದು ನಾವು ಸುಮ್ಮನಿರಬೇಕೆ? ಗಲ್ಫ್‌ನಲ್ಲಿ ಬೆವರು ಸುರಿಸಿ ಗಳಿಸಿದ ಹಣ ನಮ್ಮ ಪಟ್ಟಣಗಳಲ್ಲಿ ಬೇಲಿ ಹಾಕಿದ ಖಾಲಿ ನಿವೇಶನಗಳಾಗಿ ಮಲಗಿದೆ. ಅದೇ ಮೊಹಲ್ಲಾದ ಬಾಡಿಗೆದಾರ ಸ್ವಂತ ಮನೆಯ ಆಸೆಯನ್ನೇ ಕೈಬಿಟ್ಟಿದ್ದಾನೆ. ಬಡ್ಡಿಯಿಂದ ದೂರವಿದ್ದೇವೆಂದು ಸಮಾಧಾನಪಡುವವರೂ ಒಂದು ಲೆಕ್ಕವನ್ನು ಮರೆಯುತ್ತಿದ್ದಾರೆ. ವಾಸದ ಮನೆಗೆ ಝಕಾತ್ ಇಲ್ಲ, ನಿಜ. ಆದರೆ ಮಾರುವ ಉದ್ದೇಶದಿಂದಲೇ ಕೊಂಡ ಭೂಮಿ ವ್ಯಾಪಾರದ ಸರಕು. ವರ್ಷ ತುಂಬಿದಾಗ ಅದರ ಅಂದಿನ ಮಾರುಕಟ್ಟೆ ಮೌಲ್ಯದ ಮೇಲೆ ಶೇ. 2.5 ಝಕಾತ್ ಕಡ್ಡಾಯವೆಂಬುದು ಬಹುಪಾಲು ಫಿಕ್ಹ್ ವಿದ್ವಾಂಸರ ನಿಲುವು. 40 ಲಕ್ಷ ರೂಪಾಯಿಯ ನಿವೇಶನಕ್ಕೆ ವರ್ಷಕ್ಕೆ 1 ಲಕ್ಷ. ಆ ಮೊತ್ತದಿಂದ ಒಬ್ಬ ಬಡ ವಿದ್ಯಾರ್ಥಿನಿಯ ಕಾಲೇಜು ಶಿಕ್ಷಣ ಮುಂದುವರಿಯಬಲ್ಲದು.

ಜಮಾಅತ್‌ಗಳು ಜುಮಾ ಖುತ್ಬಾಗಳಲ್ಲಿ ಈ ಲೆಕ್ಕವನ್ನು ಬಿಡಿಸಿ ಹೇಳಲಿ. ನಾಳೆ ಬೆಲೆ ಏರಬಹುದು, ಇಳಿಯಬಹುದು. ಬಡವನ ಹಕ್ಕು ಮಾತ್ರ ಇಂದೇ ಬಾಕಿಯಿದೆ.