ಕಿರಣ ಚಿಕಿತ್ಸೆಯ ದಿನಗಳಲ್ಲಿ ಕರುಳಿನ ಕಾಳಜಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳಿಂದ ರೈಲಿನಲ್ಲಿ, ಚಿಂಚೋಳಿಯಿಂದ ಬಸ್ಸಿನಲ್ಲಿ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ ಬಂದು ಹೋಗುವ ತಾಯಂದಿರ ಕಷ್ಟವನ್ನು ಅವರ ಮನೆಯವರೇ ಬಲ್ಲರು. ಗರ್ಭಕಂಠದ ಕ್ಯಾನ್ಸರಿಗೆ ವಾರದಲ್ಲಿ 5 ದಿನದಂತೆ ಸುಮಾರು 5 ವಾರ ಹೊರಗಿನಿಂದ ಕಿರಣ ಕೊಡುವುದು ರೂಢಿ. ಮೊದಲ ವಾರ ಸುಸೂತ್ರವಾಗಿ ಕಳೆಯುತ್ತದೆ. ಎರಡು ಮೂರನೆಯ ವಾರಕ್ಕೆ ಭೇದಿ ಆರಂಭವಾಗುತ್ತದೆ. ಬಸ್ಸು ನಿಲ್ಲಿಸಿರೆಂದು ಕೇಳಲು ಸಂಕೋಚಪಟ್ಟು ಊಟ ಬಿಡುವವರುಂಟು. ಚಿಕಿತ್ಸೆಯನ್ನೇ ನಡುವೆ ಬಿಡುವವರೂ ಉಂಟು. ಒಟ್ಟು ಚಿಕಿತ್ಸೆ 8 ವಾರ ಮೀರಿದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಕುಗ್ಗುತ್ತದೆ. ಆದ್ದರಿಂದ ಇದನ್ನು ಬರಿಯ ಹೊಟ್ಟೆಯ ತೊಂದರೆಯೆಂದು ಕಡೆಗಣಿಸಲಾಗದು.

ಕರುಳಿನ ಒಳಪೊರೆಯ ಕೋಶಗಳು ಮೂರರಿಂದ ಐದು ದಿನಗಳಿಗೊಮ್ಮೆ ಹೊಸದಾಗುತ್ತವೆ. ಬೇಗ ಬೆಳೆಯುವ ಕೋಶಗಳಿಗೇ ಕಿರಣದ ಪೆಟ್ಟು ಹೆಚ್ಚು. ಪೊರೆ ತೆಳುವಾಗುತ್ತದೆ, ಅಲ್ಲಿ ನೆಲೆಸಿರುವ ಜೀವಾಣುಗಳ ಸಮತೋಲವೂ ಕೆಡುತ್ತದೆ. ಹಿತಕಾರಿ ಜೀವಾಣುಗಳನ್ನು, ಎಂದರೆ ಪ್ರೊಬಯಾಟಿಕ್ಕುಗಳನ್ನು, ಹೊರಗಿನಿಂದ ಕೊಡುವ ಆಲೋಚನೆ ಹುಟ್ಟಿದ್ದು ಇದರಿಂದಲೇ. ಥೈಲ್ಯಾಂಡಿನಲ್ಲಿ 63 ಮಹಿಳೆಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹುಸಿಗುಳಿಗೆ ಪಡೆದವರ ಪೈಕಿ ಶೇ. 45 ಜನರಿಗೆ ಮಧ್ಯಮ ಅಥವಾ ತೀವ್ರ ಭೇದಿಯಾಯಿತು. ಜೀವಾಣು ಪಡೆದವರಲ್ಲಿ ಶೇ. 9. ಅವರು ಕಿರಣ ಆರಂಭಕ್ಕೆ ಒಂದು ವಾರ ಮೊದಲೇ ಅದನ್ನು ತೆಗೆದುಕೊಳ್ಳತೊಡಗಿದ್ದರು. 2014ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಮಂಡಳಿಯೂ ಲ್ಯಾಕ್ಟೊಬ್ಯಾಸಿಲಸ್ ಜೀವಾಣುಗಳನ್ನು ಬಳಸಬಹುದೆಂದು ಸೂಚಿಸಿತು. ಅದು ಸೂಚನೆಯೇ ಹೊರತು ಕಟ್ಟಪ್ಪಣೆಯಲ್ಲ.

“ನಮ್ಮ ಮಜ್ಜಿಗೆಯಲ್ಲಿಲ್ಲದ್ದು ಆ ಗುಳಿಗೆಯಲ್ಲೇನಿದೆ?” ಎಂದು ಹಿರಿಯರು ಕೇಳುವುದು ಸಹಜ. ಮಜ್ಜಿಗೆ ಒಳ್ಳೆಯದೇ, ಹಾಲು ಒಗ್ಗದ ಕರುಳಿಗೂ ಅದು ಒಗ್ಗುವುದುಂಟು. ಆದರೆ ಮನೆಯ ಹೆಪ್ಪಿನಲ್ಲಿ ಯಾವ ಜೀವಾಣು, ಎಷ್ಟು ಎಂಬುದಕ್ಕೆ ಅಳತೆಯಿಲ್ಲ. ಕುದಿಸಿದ ಮಜ್ಜಿಗೆಯಲ್ಲಂತೂ ಅವು ಉಳಿಯುವುದಿಲ್ಲ. ಇನ್ನೊಂದು ಎಚ್ಚರಿಕೆ: ಕಿರಣದ ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕೊಡುವಾಗ ಬಿಳಿ ರಕ್ತಕಣಗಳು ಇಳಿಯಬಹುದು. ಆಗ ಹಿತಕಾರಿ ಜೀವಾಣುಗಳೂ ರಕ್ತಕ್ಕೆ ಸೇರಿ ಸೋಂಕು ತರುವ ಅಪಾಯವುಂಟು. ಔಷಧದಂಗಡಿಯಿಂದ ತಾವೇ ಕೊಂಡು ನುಂಗಿಸಬಾರದು. ವೈದ್ಯರನ್ನು ಕೇಳಿಯೇ ಕೊಡಬೇಕು.

ಭೇದಿಯಾಗುವಾಗ ಪುಂಡಿಪಲ್ಲೆ, ಶೇಂಗಾ ಹಿಂಡಿ, ಖಾರದ ಪದಾರ್ಥ ಬೇಡ. ಮೆತ್ತಗಿನ ಅನ್ನ, ತೊಗರಿಬೇಳೆಯ ತಿಳಿ ಕಟ್ಟು ಸಾಕು. ಜೋಳದ ರೊಟ್ಟಿಗೆ ಕೆಲವು ವಾರ ರಜೆ ಕೊಟ್ಟರೆ ನಮ್ಮವರಿಗೆ ಊಟವೇ ಆಗಿಲ್ಲವೆನಿಸುವುದು, ಏನು ಮಾಡುವುದು! ಪ್ರಯಾಣಕ್ಕೆ ಹೊರಡುವಾಗ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಜೊತೆಗೆ ಒಯ್ಯಬೇಕು. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ಅಂದೇ ತಿಳಿಸಬೇಕು. ವೈದ್ಯರೆದುರು ಹೇಳಲು ನಾಚಿಕೆಯಾದರೆ ದಾದಿಯರ ಕಿವಿಗಾದರೂ ಹಾಕಬಹುದು. ಭೇದಿ ತಡೆಯುವ ಗುಳಿಗೆಗಳಿವೆ, ಕೇಳಿದರೆ ಬರೆದುಕೊಡುತ್ತಾರೆ.